ನೆರೆ ಬಂದ ಹೊಲಕ್ಕೆ ಗೊಬ್ಬರವೇ ಬೇಡವೇ? ಹೊಳೆ ತರುವ ಮೆಕ್ಕಲು ಮಣ್ಣಿನ ಅಸಲಿ ಗುಣ

ಮಳೆಗಾಲ ಜೋರಾಗಿ ಹೊಳೆ ದಂಡೆ ದಾಟಿತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡಲು ಶುರುವಾಗುತ್ತದೆ. ಮಾತುಗಳು ಬೇರೆ ಬೇರೆ ಇದ್ದರೂ ಸಾರ ಒಂದೇ: "ನೆರೆ ಶಾಪವಲ್ಲ, ವರ. ಹೊಳೆ ತಂದು ಹಾಕುವ ಮೆಕ್ಕಲು ಮಣ್ಣು ಚಿನ್ನ. ನೆರೆ ನಿಂತು ಹೋದ ಹೊಲಕ್ಕೆ ಮೂರು ವರ್ಷ ಗೊಬ್ಬರವೇ ಬೇಡ." ನಮ್ಮ ಮನೆಯವರ ಗುಂಪಿಗೂ ಇದು ಬಂದಿತ್ತು. ಕಳಿಸಿದವರು ಹೊಲ ಇರುವವರೇ. ಹಾಗಾಗಿ ನಕ್ಕು ಬಿಡುವ ಹಾಗಿರಲಿಲ್ಲ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡೋಣ. ಮೆಕ್ಕಲು ಮಣ್ಣು ಫಲವತ್ತಾದದ್ದು ಎಂಬುದು ನಿಜ. ಆದರೆ ಒಂದು ನೆರೆ ನಿಮ್ಮ ಹೊಲದಲ್ಲಿ ಬಿಟ್ಟುಹೋದದ್ದೆಲ್ಲ ಗೊಬ್ಬರ ಎಂಬುದು ನಿಜವಲ್ಲ. ಹೊಳೆ ಏನನ್ನು ಬಿಟ್ಟಿದೆ, ಎಷ್ಟು ದಪ್ಪ ಬಿಟ್ಟಿದೆ ಎಂಬುದರ ಮೇಲೆ ಅದು ವರವೋ ಹಾನಿಯೋ ಎಂಬುದು ನಿಂತಿದೆ. ಈ ವ್ಯತ್ಯಾಸ ತಿಳಿಯದಿದ್ದರೆ ಒಂದು ಬೆಳೆ ಹೋಗಬಹುದು, ಬರಬೇಕಾದ ಪರಿಹಾರವೂ ಹೋಗಬಹುದು.

ಮೆಕ್ಕಲು ಮಣ್ಣು ಎಂದರೇನು?

ಹೊಳೆ ಬೇರೆಡೆಯಿಂದ ಹೊತ್ತು ತಂದು ಇಳಿಸಿದ ಮಣ್ಣೇ ಮೆಕ್ಕಲು ಮಣ್ಣು. ಎರೆಮಣ್ಣು, ಕೆಂಪುಮಣ್ಣುಗಳು ಹೆಚ್ಚಾಗಿ ಇದ್ದಲ್ಲೇ ಕಲ್ಲು ಸವೆದು ಆದಂಥವು. ಮೆಕ್ಕಲು ಮಾತ್ರ ವಲಸೆ ಬಂದ ಮಣ್ಣು. ಭಾರತದ ನೆಲದಲ್ಲಿ ಸುಮಾರು 40% ಈ ಬಗೆಯದು ಎಂದು ಶಾಲೆಯ ಭೂಗೋಳ ಪುಸ್ತಕಗಳು ಹೇಳುತ್ತವೆ. ಅದರ ದೊಡ್ಡ ಪಾಲು ಪಂಜಾಬಿನಿಂದ ಅಸ್ಸಾಂವರೆಗೆ ಹಬ್ಬಿರುವ ಬಯಲಿನಲ್ಲಿದೆ. ಅಲ್ಲಿ ಹೊಳೆಗೆ ಹತ್ತಿರವಿದ್ದು ನೆರೆಯಲ್ಲಿ ಮತ್ತೆ ಮತ್ತೆ ಹೊಸದಾಗುವ ಮಣ್ಣಿಗೆ ಖಾದರ್ ಎಂದೂ, ನೆರೆ ಮುಟ್ಟದ ಎತ್ತರದಲ್ಲಿರುವ ಹಳೆಯ ಮಣ್ಣಿಗೆ ಭಾಂಗರ್ ಎಂದೂ ಹೆಸರು. ಭಾಂಗರ್ ಮಣ್ಣಿನಲ್ಲಿ ಸುಣ್ಣದ ಗಂಟುಗಳು ಸಿಗುತ್ತವೆ. ನಮ್ಮಲ್ಲಿ ಮೆಕ್ಕಲು ಮಣ್ಣು ಕರಾವಳಿಯಲ್ಲಿ ಮತ್ತು ನದಿಗಳ ದಂಡೆಗುಂಟ ಪಟ್ಟಿ ಪಟ್ಟಿಯಾಗಿ ಇದೆ.

ಈ ಮಣ್ಣಿನಲ್ಲಿ ಮೂರು ಗಾತ್ರದ ಕಣಗಳಿರುತ್ತವೆ. 2 ಮಿಲಿಮೀಟರಿನಿಂದ 0.05 ಮಿಲಿಮೀಟರ್‌ವರೆಗಿನದು ಮರಳು. 0.05ರಿಂದ 0.002 ಮಿಲಿಮೀಟರ್‌ವರೆಗಿನದು ರೇವೆ. ಅದಕ್ಕಿಂತ ಸಣ್ಣದು ಜೇಡಿ. ಇದು ಅಮೆರಿಕದ ಕೃಷಿ ಇಲಾಖೆಯ ಅಳತೆ. ಬೇರೆ ಪದ್ಧತಿಗಳಲ್ಲಿ ಮರಳು ಮತ್ತು ರೇವೆಯ ನಡುವಿನ ಗಡಿ ಸ್ವಲ್ಪ ಬದಲಾಗುತ್ತದೆ. ಕೈಯಲ್ಲಿ ತಿಕ್ಕಿದರೆ ಗುರುತು ಸುಲಭ. ಮರಳು ಗರಗರ ಎನ್ನುತ್ತದೆ. ರೇವೆ ಮೈದಾಹಿಟ್ಟಿನಂತೆ, ಮುಖಕ್ಕೆ ಹಚ್ಚುವ ಪೌಡರಿನಂತೆ ನುಣ್ಣಗಿರುತ್ತದೆ. ಜೇಡಿ ಒದ್ದೆಯಾದಾಗ ಬೆರಳಿಗೆ ಅಂಟುತ್ತದೆ, ಹೊಸೆದರೆ ಉದ್ದಕ್ಕೆ ಎಳೆಯಾಗಿ ಬರುತ್ತದೆ.

ಹೊಳೆ ಯಾವುದನ್ನು ಎಲ್ಲಿ ಇಳಿಸುತ್ತದೆ?

ನೀರು ಜೋರಾಗಿ ಓಡುವಾಗ ಎಲ್ಲ ಗಾತ್ರದ ಕಣಗಳನ್ನೂ ಹೊತ್ತೊಯ್ಯುತ್ತದೆ. ವೇಗ ಕಡಿಮೆಯಾದಂತೆ ಭಾರದವು ಮೊದಲು ಕೆಳಗಿಳಿಯುತ್ತವೆ. ನಿಂತ ನೀರಿನಲ್ಲಿ ಹತ್ತು ಸೆಂಟಿಮೀಟರ್ ಕೆಳಗಿಳಿಯಲು 0.1 ಮಿಲಿಮೀಟರಿನ ನುಣ್ಣನೆ ಮರಳಿಗೆ ಹತ್ತು ಹನ್ನೆರಡು ಸೆಕೆಂಡು ಸಾಕು. 0.02 ಮಿಲಿಮೀಟರಿನ ರೇವೆಗೆ ಐದು ನಿಮಿಷದ ಹತ್ತಿರ ಬೇಕು. 0.002 ಮಿಲಿಮೀಟರಿನ ಜೇಡಿ ಕಣಕ್ಕೆ ಎಂಟು ಗಂಟೆಯಷ್ಟು ಬೇಕು. ಕಣ ಹತ್ತು ಪಟ್ಟು ಸಣ್ಣದಾದರೆ ಇಳಿಯುವ ವೇಗ ನೂರು ಪಟ್ಟು ಕಡಿಮೆಯಾಗುತ್ತದೆ.

ಇದೊಂದು ಲೆಕ್ಕ ಗೊತ್ತಿದ್ದರೆ ಹೊಳೆಬಯಲಿನ ನಕ್ಷೆಯೇ ಅರ್ಥವಾಗುತ್ತದೆ. ನೀರು ದಂಡೆ ದಾಟಿದ ಕೂಡಲೇ ವೇಗ ಕಳೆದುಕೊಂಡು ಮರಳನ್ನು ಅಲ್ಲೇ ಚೆಲ್ಲುತ್ತದೆ. ಹೊಳೆಯಂಚಿನಲ್ಲಿ ಸ್ವಲ್ಪ ಎತ್ತರದ ದಿಬ್ಬ ಕಾಣುವುದು ಇದರಿಂದಲೇ. ಇನ್ನೂ ಮುಂದಕ್ಕೆ ಹರಡಿದ ನೀರು ರೇವೆಯನ್ನು ಇಳಿಸುತ್ತದೆ. ದೂರದ ತಗ್ಗಿನಲ್ಲಿ ದಿನಗಟ್ಟಲೆ ನಿಂತ ನೀರು ಜೇಡಿಯನ್ನು ಬಿಡುತ್ತದೆ. ಒಂದೇ ಊರಿನ, ಒಂದೇ ನೆರೆಯ ಮೂರು ಹೊಲಗಳಲ್ಲಿ ಮೂರು ಬಗೆಯ ಮಣ್ಣು ಇರಬಹುದು. ಹಾಗಿರುವಾಗ ಎಲ್ಲರಿಗೂ ಒಂದೇ ಮಾತು ಹೇಳುವ ಸಂದೇಶ ಸರಿಯಾಗುವುದಾದರೂ ಹೇಗೆ?

ರೇವೆ ಮಣ್ಣಿನ ಒಳ್ಳೆಯ ಗುಣ, ಕೆಟ್ಟ ಗುಣ

ಮರಳು, ರೇವೆ, ಜೇಡಿ ಹದವಾಗಿ ಬೆರೆತಾಗ ಅದು ಗೋಡು ಮಣ್ಣು. ರೇವೆ ಹೆಚ್ಚಿರುವ ಗೋಡು ಮಣ್ಣು ಬೇಸಾಯಕ್ಕೆ ಬಹಳ ಒಳ್ಳೆಯದು. ಇದಕ್ಕೆ ಮುಖ್ಯ ಕಾರಣ ನೀರು. ಮರಳಿನಲ್ಲಿ ನೀರು ಸೋರಿಹೋಗುತ್ತದೆ. ಜೇಡಿ ನೀರನ್ನು ಹಿಡಿಯುತ್ತದೆ, ಆದರೆ ಅದರಲ್ಲಿ ಒಂದು ಪಾಲನ್ನು ಬೇರಿಗೆ ಬಿಟ್ಟುಕೊಡುವುದೇ ಇಲ್ಲ. ರೇವೆ ಹಿಡಿಯುತ್ತದೆ, ಕೊಡುತ್ತದೆ. ಒಂದು ಮೀಟರ್ ಆಳದ ಇಂಥ ಮಣ್ಣು ಬೆಳೆಗೆ ಸಿಗುವ ಹಾಗೆ ಸುಮಾರು 15ರಿಂದ 20 ಸೆಂಟಿಮೀಟರ್ ನೀರನ್ನು ಇಟ್ಟುಕೊಳ್ಳಬಲ್ಲದು. ಮರಳು ಇದರ ಅರ್ಧವನ್ನೂ ಇಟ್ಟುಕೊಳ್ಳುವುದಿಲ್ಲ. ಮಳೆ ಎರಡು ವಾರ ಕೈಕೊಟ್ಟಾಗ ಹೊಳೆಬಯಲಿನ ಪೈರು ಹಸಿರಾಗಿಯೇ ಇರುವುದು ಇದಕ್ಕೇ. ಜೊತೆಗೆ ಉಳುಮೆ ಹಗುರ, ಬೇರು ಆಳಕ್ಕಿಳಿಯುವುದು ಸುಲಭ.

ಇನ್ನು ಸಂದೇಶಗಳಲ್ಲಿ ಬಾರದ ಗುಣಗಳು. ರೇವೆ ಕಣಗಳಿಗೆ ಒಂದನ್ನೊಂದು ಹಿಡಿದುಕೊಳ್ಳುವ ಶಕ್ತಿ ಕಡಿಮೆ. ಜೋರು ಮಳೆಗೆ ಮೇಲ್ಮೈ ಕರಗಿ, ಬಿಸಿಲಿಗೆ ಒಣಗಿ, ಹಪ್ಪಳದಂಥ ಗಟ್ಟಿ ಪದರ ಕಟ್ಟುತ್ತದೆ. ಬಿತ್ತಿದ ಬೀಜ ಮೊಳೆತರೂ ಆ ಪದರ ಒಡೆದು ಮೇಲೆ ಬರಲಾರದೆ ಸಾಯುತ್ತದೆ. ಒದ್ದೆಯಿರುವಾಗ ಟ್ರ್ಯಾಕ್ಟರ್ ಓಡಿಸಿದರೆ ಒಳಗೆ ಬಿಗಿದುಕೊಂಡು ಕೂರುತ್ತದೆ. ಮಳೆನೀರಿಗೆ ಬೇಗ ಕೊಚ್ಚಿಹೋಗುವ ಮಣ್ಣುಗಳ ಸಾಲಿನಲ್ಲಿಯೂ ರೇವೆಯದು ಮೊದಲ ಸ್ಥಾನ. ಮರಳಿನ ಕಣ ಭಾರ, ಜೇಡಿಯ ಕಣ ಅಂಟು. ರೇವೆಗೆ ಆ ಭಾರವೂ ಇಲ್ಲ, ಆ ಅಂಟೂ ಇಲ್ಲ.

ಇನ್ನೊಂದು ಗುಣ ಪದರಗಳದ್ದು. ಹೊಳೆದಂಡೆ ಕುಸಿದ ಕಡೆ ನೋಡಿದರೆ ಮಣ್ಣು ಒಂದರ ಮೇಲೊಂದು ಪದರವಾಗಿ ಕಾಣುತ್ತದೆ. ಒಂದೊಂದೂ ಒಂದೊಂದು ನೆರೆಯ ಗುರುತು. ನುಣ್ಣನೆ ಪದರದ ಕೆಳಗೆ ದಪ್ಪ ಮರಳಿನ ಪದರವಿದ್ದರೆ ನೀರು ಆ ಗಡಿಯಲ್ಲಿ ತಡೆದು ನಿಲ್ಲುತ್ತದೆ, ಬೇರೂ ಅಲ್ಲೇ ತಿರುಗಿಕೊಳ್ಳುತ್ತದೆ. ಮೇಲೆ ಚೆಂದ ಕಾಣುವ ಹೊಲದಲ್ಲಿ ಬೆಳೆ ಮಾತ್ರ ಏಳದಿದ್ದರೆ ಒಂದು ಗುಂಡಿ ತೋಡಿ ನೋಡುವುದು ಒಳ್ಳೆಯದು.

ಹಾಗಾದರೆ ಗೊಬ್ಬರದ ಮಾತು?

ರೇವೆಯೇ ಗೊಬ್ಬರವಲ್ಲ. ಅದರಲ್ಲಿ ಬಹುಪಾಲು ಬೆಣಚುಕಲ್ಲಿನ ಪುಡಿ. ಅದು ಬೆಳೆಗೆ ಏನೂ ಕೊಡುವುದಿಲ್ಲ. ಅಭ್ರಕ, ಫೆಲ್ಡ್‌ಸ್ಪಾರ್‌ನಂಥ ಖನಿಜಗಳು ಪೊಟ್ಯಾಷ್ ಕೊಡುತ್ತವೆ, ಆದರೆ ನಿಧಾನವಾಗಿ. ಪೋಷಕಾಂಶಗಳನ್ನು ಹಿಡಿದುಕೊಂಡು ಬೇರಿಗೆ ಒದಗಿಸುವ ಕೆಲಸ ಜೇಡಿಯದು ಮತ್ತು ಕೊಳೆತ ಸಾವಯವ ವಸ್ತುವಿನದು. ನಮ್ಮ ದೇಶದ ಮೆಕ್ಕಲು ಮಣ್ಣುಗಳಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಪರವಾಗಿಲ್ಲ ಎನ್ನುವಷ್ಟಿದ್ದರೂ ಸಾರಜನಕ ಕಡಿಮೆ.

ನೆರೆ ಈ ಕೊರತೆಯನ್ನು ಇನ್ನೂ ಹೆಚ್ಚಿಸಬಹುದು. ಹೊಲದಲ್ಲಿ ನೀರು ದಿನಗಟ್ಟಲೆ ನಿಂತರೆ ಮಣ್ಣಿನಲ್ಲಿದ್ದ ನೈಟ್ರೇಟ್ ಒಂದಷ್ಟು ಕೆಳಕ್ಕೆ ಬಸಿದುಹೋಗುತ್ತದೆ. ಇನ್ನೊಂದಷ್ಟನ್ನು ಗಾಳಿಯಿಲ್ಲದ ಮಣ್ಣಿನ ಸೂಕ್ಷ್ಮಜೀವಿಗಳು ಅನಿಲ ಮಾಡಿ ಹಾರಿಸಿಬಿಡುತ್ತವೆ. ಬೇರಿಗೆ ರಂಜಕ ಒದಗಿಸಿಕೊಡುವ ಶಿಲೀಂಧ್ರಗಳೂ ನೀರು ನಿಂತು ಹೊಲ ಬರಿದಾಗಿದ್ದಾಗ ಕ್ಷೀಣಿಸುತ್ತವೆ. ನೆರೆಯ ನಂತರದ ಬೆಳೆಯಲ್ಲಿ ರಂಜಕದ ಕೊರತೆ ಕಾಣಿಸಿಕೊಳ್ಳುವುದಕ್ಕೆ ಇದು ಒಂದು ಕಾರಣ. ಗೊಬ್ಬರ ಬೇಡ ಎಂದು ಸಂದೇಶ ಹೇಳುವ ಹೊತ್ತಿನಲ್ಲೇ ಬೆಳೆಗೆ ಗೊಬ್ಬರ ಬೇಕಾಗಿರುತ್ತದೆ.

ಈ ನಂಬಿಕೆ ಬಂದದ್ದೆಲ್ಲಿಂದ?

ಎರಡು ನಿಜಗಳಿಂದ. ಮೊದಲನೆಯದು ನಮ್ಮ ಕೆರೆಗಳದು. ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿ ಹೊಲಕ್ಕೆ ಹೊಡೆಯುವ ರೂಢಿ ಹಳೆಯದು, ಒಳ್ಳೆಯದೂ ಹೌದು. ಆದರೆ ಕೆರೆಯ ನೀರು ತಿಂಗಳುಗಟ್ಟಲೆ ಅಲುಗಾಡದೆ ನಿಲ್ಲುತ್ತದೆ. ಹಾಗಾಗಿ ಜೇಡಿ, ಕೊಳೆತ ಎಲೆ, ಸಗಣಿಯ ಅಂಶ ಎಲ್ಲವೂ ತಳ ಸೇರುತ್ತವೆ. ಓಡುವ ನೆರೆ ಬಿಡುವುದು ಅದನ್ನಲ್ಲ. ಕೆರೆಗೋಡಿನ ಅನುಭವವನ್ನು ನೆರೆಯ ಮರಳಿಗೆ ಹಚ್ಚಿದಾಗ ತಪ್ಪು ಆಗುತ್ತದೆ.

ಎರಡನೆಯದು ಈಜಿಪ್ಟಿನ ನೈಲ್ ನದಿ. ಅಲ್ಲಿ ಪ್ರತಿವರ್ಷದ ನೆರೆ ಸಾವಿರಾರು ವರ್ಷ ಹೊಲಗಳನ್ನು ಸಾಕಿದ್ದು ನಿಜ. ಆದರೆ ಅದರ ಲೆಕ್ಕ ನೋಡಿ: ಅಲ್ಲಿ ಮಣ್ಣು ಏರುತ್ತಿದ್ದದ್ದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಅದೂ ಇಥಿಯೋಪಿಯಾದ ಜ್ವಾಲಾಮುಖಿ ಶಿಲೆಗಳ ಬೆಟ್ಟಗಳಿಂದ ಬಂದ, ಖನಿಜ ತುಂಬಿದ ನುಣ್ಣನೆ ಮಣ್ಣು. ತೆಳ್ಳಗೆ, ನಿಧಾನವಾಗಿ, ಪ್ರತಿವರ್ಷ ಬಂದದ್ದರಿಂದ ಅದು ವರವಾಯಿತು. 1970ರಲ್ಲಿ ಅಸ್ವಾನ್ ಹೈ ಡ್ಯಾಂ ಪೂರ್ತಿಯಾದ ಮೇಲೆ ಆ ಮಣ್ಣು ಜಲಾಶಯದಲ್ಲೇ ಉಳಿಯಿತು, ರೈತರು ರಾಸಾಯನಿಕ ಗೊಬ್ಬರವನ್ನು ಹೆಚ್ಚು ನೆಚ್ಚಿಕೊಳ್ಳಬೇಕಾಯಿತು.

ಇದರ ಎದುರಿಗೆ ಕೋಸಿ ನದಿಯನ್ನು ಇಡೋಣ. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾ ಬಳಿ ಅದರ ಒಡ್ಡು ಒಡೆಯಿತು. ಹಿಮಾಲಯದಿಂದ ಅಪಾರ ಹೂಳು ಹೊತ್ತು ತರುವ ಈ ನದಿ ಹೊಸ ದಾರಿ ಹಿಡಿದು ಬಿಹಾರದ ಸುಪೌಲ್, ಮಧೇಪುರ ಕಡೆಗೆ ನುಗ್ಗಿತು. ಮೂವತ್ತು ಲಕ್ಷಕ್ಕೂ ಹೆಚ್ಚು ಜನ ತೊಂದರೆಗೆ ಸಿಕ್ಕರು. ನೀರು ಇಳಿದಾಗ ಎಷ್ಟೋ ಹೊಲಗಳ ಮೇಲೆ ಉಳಿದದ್ದು ಮರಳು. ಮೆಕ್ಕಲು ಮಣ್ಣಿನ ತವರಿನಲ್ಲೇ ಒಳ್ಳೆಯ ಭೂಮಿ ಮರಳಿನಡಿ ಹೂತುಹೋಯಿತು. 2025ರ ನೆರೆಯ ನಂತರ ಪಂಜಾಬಿನಲ್ಲೂ ಇದೇ ಆಯಿತು. ಅಲ್ಲಿನ ಸರ್ಕಾರ ಹೊಲಕ್ಕೆ ಬಂದ ಮರಳನ್ನು ರೈತರೇ ತೆಗೆದು ಮಾರಿಕೊಳ್ಳಲು ಅನುಮತಿ ಕೊಡಬೇಕಾಯಿತು.

ಮೂರು ಇಂಚಿನ ಲೆಕ್ಕ

ಸರ್ಕಾರದ ನಿಯಮವೂ ಈ ಮಣ್ಣನ್ನು ಸದಾ ವರ ಎನ್ನುವುದಿಲ್ಲ. ಹೊಲದ ಮೇಲೆ ಮೂರು ಇಂಚಿಗಿಂತ ದಪ್ಪ ಮರಳು ಅಥವಾ ಹೂಳು ಕೂತಿದ್ದರೆ ವಿಪತ್ತು ಪರಿಹಾರ ನಿಧಿಯ ನಿಯಮಾವಳಿ ಅದನ್ನು ಹಾನಿ ಎಂದು ಲೆಕ್ಕ ಹಾಕುತ್ತದೆ. 2022ರಿಂದ 2026ರ ಅವಧಿಯ ನಿಯಮದಲ್ಲಿ, ಎರಡು ಹೆಕ್ಟೇರ್‌ವರೆಗೆ ಜಮೀನಿರುವ ರೈತರಿಗೆ ಹೂಳು ತೆಗೆಸಲು ಹೆಕ್ಟೇರಿಗೆ 18,000 ರೂಪಾಯಿ ಎಂದಿದೆ. ಆದರೆ ಹೂಳಿನ ದಪ್ಪವನ್ನು ಅಧಿಕಾರಿ ದೃಢೀಕರಿಸಬೇಕು. "ಚಿನ್ನ ಬಂದಿದೆ" ಎಂದು ನಂಬಿ ಮರುದಿನವೇ ರೋಟವೇಟರ್ ಹೊಡೆಸಿದರೆ ತೋರಿಸಲು ಏನೂ ಉಳಿಯುವುದಿಲ್ಲ.

ನೆರೆ ಇಳಿದ ಮೇಲೆ ಏನು ಮಾಡಬೇಕು?

1. ಮುಟ್ಟುವ ಮೊದಲು ಅಳೆಯಿರಿ. ಹೊಲದ ನಾಲ್ಕೈದು ಕಡೆ ಗುಂಡಿ ತೋಡಿ, ಹೊಸ ಮಣ್ಣು ಎಷ್ಟು ದಪ್ಪವಿದೆ ಎಂದು ಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಮೂರು ಇಂಚು ದಾಟಿದ್ದರೆ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ ಅರ್ಜಿ ಕೊಡಿ.

2. ಬಾಟಲಿ ಪರೀಕ್ಷೆ ಮಾಡಿ. ನೇರ ಗೋಡೆಯ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಹೊಸ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ ಹಾಕಿ ಚೆನ್ನಾಗಿ ಕುಲುಕಿ ಇಡಿ. ಒಂದು ನಿಮಿಷದಲ್ಲಿ ತಳ ಸೇರಿದ್ದು ಮರಳು. ಎರಡು ಗಂಟೆಯೊಳಗೆ ಅದರ ಮೇಲೆ ಕೂತದ್ದು ರೇವೆ. ಆಮೇಲೆ ಒಂದೆರಡು ದಿನದಲ್ಲಿ ಕೂರುವುದು ಜೇಡಿ. ಪ್ರತಿ ಹಂತದಲ್ಲೂ ಬಾಟಲಿಯ ಮೇಲೆ ಗೆರೆ ಎಳೆಯಿರಿ.

3. ತೆಳ್ಳಗಿದ್ದರೆ ಬೆರೆಸಿ. ಒಂದೆರಡು ಇಂಚಿನಷ್ಟಿದ್ದು ರೇವೆ, ಜೇಡಿ ಹೆಚ್ಚಿದ್ದರೆ ಹದ ಬಂದ ಮೇಲೆ ಉತ್ತು ಹಳೆಯ ಮಣ್ಣಿನೊಂದಿಗೆ ಸೇರಿಸಿಕೊಳ್ಳಬಹುದು. ದಪ್ಪ ಮರಳಾಗಿದ್ದರೆ ಮೊದಲು ತೆಗೆಸುವುದೇ ದಾರಿ. ಒದ್ದೆ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಬೇಡಿ.

4. ನೆಲವನ್ನು ಬರಿದಾಗಿ ಬಿಡಬೇಡಿ. ಸೆಣಬು, ಡಯಾಂಚದಂಥ ಹಸಿರೆಲೆ ಗೊಬ್ಬರದ ಬೆಳೆ ಸಾರಜನಕ ಸೇರಿಸುತ್ತದೆ, ಹಪ್ಪಳಗಟ್ಟುವುದನ್ನೂ ತಡೆಯುತ್ತದೆ. ಕೊಟ್ಟಿಗೆ ಗೊಬ್ಬರ ರೇವೆ ಕಣಗಳಿಗೆ ಇಲ್ಲದ ಅಂಟನ್ನು ಕೊಡುತ್ತದೆ.

5. ಹೊಸದಾಗಿ ಮಣ್ಣು ಪರೀಕ್ಷೆ ಮಾಡಿಸಿ. ನೆರೆಗೆ ಮೊದಲಿನ ಮಣ್ಣು ಆರೋಗ್ಯ ಚೀಟಿ ಈಗಿನ ಮಣ್ಣಿನದಲ್ಲ. ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಪಟ್ಟಣ, ಕಾರ್ಖಾನೆಗಳ ಕೆಳಭಾಗದಲ್ಲಿ ನಿಮ್ಮ ಹೊಲವಿದ್ದರೆ ನೀರಿನ ಜೊತೆ ಬಂದಿರಬಹುದಾದ ಕೊಳಕಿನ ಬಗ್ಗೆಯೂ ಕೇಳಿ.

ಒಟ್ಟಿನಲ್ಲಿ

ಮೆಕ್ಕಲು ಮಣ್ಣು ಫಲವತ್ತಾಗಿರುವುದು ಸಾವಿರಾರು ನೆರೆಗಳ ತೆಳು ಪದರಗಳಿಂದ, ಮತ್ತು ಅವುಗಳ ನಡುವೆ ಆ ನೆಲದಲ್ಲಿ ದುಡಿದವರ ಗೊಬ್ಬರ, ಉಳುಮೆಗಳಿಂದ. ಒಂದೇ ರಾತ್ರಿ ಬಂದ ಒಂದಡಿ ಮರಳಿಗೆ ಆ ಗುಣ ಬರುವುದಿಲ್ಲ. ಮುಂದಿನ ಸಲ ಈ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಕಳಿಸಿದವರಿಗೆ ಬೈಯಬೇಡಿ. ಅದರಲ್ಲಿ ಅರ್ಧ ನಿಜವಿದೆ. ಅದರ ಕೆಳಗೆ ಇಷ್ಟು ಬರೆದು ಕಳಿಸಿ: "ಮೊದಲು ಎಷ್ಟು ಇಂಚಿದೆ ಅಳೆಯಿರಿ, ಮರಳೋ ರೇವೆಯೋ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ, ಆಮೇಲೆ ಉಳಿ."