ತಾರಾಕಾಂತಿಯ ದಿನಚರಿ

ನಕ್ಷತ್ರವೊಂದು ನಿನ್ನೆಗಿಂತ ಇಂದು ಹೆಚ್ಚು ಬೆಳಗುತ್ತಿದೆಯೆಂದು ಹೇಳುವವನು ನಿನ್ನೆಯೂ ಅದನ್ನು ನೋಡಿರಬೇಕು, ನೆರೆಯ ತಾರೆಗಳೊಡನೆ ತೂಗಿ ನೋಡಿರಬೇಕು, ನೋಡಿದುದನ್ನು ದಿನಾಂಕಸಹಿತ ಬರೆದಿಟ್ಟಿರಲೂ ಬೇಕು. ಖಗೋಲಶಾಸ್ತ್ರದ ಚರಿತ್ರಕಾರರು ಸಿದ್ಧಾಂತಗಳ ಉದಯಾಸ್ತಗಳನ್ನು ವಿಸ್ತರಿಸಿ ಬರೆಯುವಷ್ಟು ಆದರದಿಂದ ಈ ಲೆಕ್ಕವಿಟ್ಟವರನ್ನು ಕುರಿತು ಬರೆಯುವುದಿಲ್ಲ. ಆದರೆ ಮಹಾನವ್ಯಗಳ, ಎಂದರೆ ಸೂಪರ್‌ನೋವಾಗಳ, ವಿಷಯದಲ್ಲಿಯೂ ಕ್ಷ-ಕಿರಣ ನಕ್ಷತ್ರಗಳ ವಿಷಯದಲ್ಲಿಯೂ, ಬರೆದವನಿಗೇ ಅರ್ಥವಾಗದಿದ್ದ ಲೆಕ್ಕವು ಮುಂದಿನ ತಲೆಮಾರಿಗೆ ಪ್ರಮಾಣವಾಗಿ ಒದಗಿದುದುಂಟು.

1572ರ ನವೆಂಬರ್ 11ರ ಸಂಜೆ ಡೆನ್ಮಾರ್ಕಿನ ಟೈಕೋ ಬ್ರಾಹೆ ಕುಂತೀ ನಕ್ಷತ್ರಪುಂಜದಲ್ಲಿ ಹಿಂದೆಂದೂ ಕಾಣದಿದ್ದ ತಾರೆಯೊಂದನ್ನು ಕಂಡು, ತನ್ನ ಕಣ್ಣನ್ನೇ ನಂಬಲಾರದೆ, ಜೊತೆಯಲ್ಲಿದ್ದ ಸೇವಕರನ್ನೂ ದಾರಿಹೋಕರನ್ನೂ ಕರೆದು ತೋರಿಸಿ ನಿಶ್ಚಯಪಡಿಸಿಕೊಂಡನು. ಆ ತಾರೆಯು ಚಂದ್ರನಿಗಿಂತ ಬಹುದೂರದಲ್ಲಿದೆಯೆಂದು ಅವನು ಸ್ಥಾಪಿಸಿದುದನ್ನೂ, ಅರಿಸ್ಟಾಟಲನ ನಿರ್ವಿಕಾರ ಗಗನದ ಕಲ್ಪನೆಗೆ ಅದರಿಂದ ಬಿದ್ದ ಪೆಟ್ಟನ್ನೂ ಎಲ್ಲರೂ ಕೊಂಡಾಡುತ್ತಾರೆ. ನನಗಾದರೋ ಅವನ ಕಾಂತಿಯ ಟಿಪ್ಪಣಿಯೇ ಹೆಚ್ಚು ಬೆಲೆಯುಳ್ಳದ್ದೆಂದು ತೋರುತ್ತದೆ. ಮೊದಲು ಶುಕ್ರನಿಗೆ ಸಮನಾಗಿ ಹಗಲಿನಲ್ಲಿಯೂ ಕಾಣುತ್ತಿದ್ದ ತಾರೆ ಡಿಸೆಂಬರಿನಲ್ಲಿ ಗುರುವಿನಷ್ಟಾಯಿತು. ಮರುವರ್ಷದ ವಸಂತದ ಹೊತ್ತಿಗೆ ಪ್ರಥಮವರ್ಗದ ನಕ್ಷತ್ರಗಳ ಸಾಲಿಗೂ ಅಲ್ಲಿಂದ ದ್ವಿತೀಯವರ್ಗಕ್ಕೂ ಇಳಿಯಿತು. 1574ರ ಮಾರ್ಚಿನಲ್ಲಿ ಕಣ್ಮರೆಯಾಯಿತು. ದೂರದರ್ಶಕವೇ ಇಲ್ಲದ ಕಾಲದ ಈ ಹೋಲಿಕೆಗಳನ್ನು 1945ರಲ್ಲಿ ವಾಲ್ಟರ್ ಬಾಡೆ ಕೈಗೆತ್ತಿಕೊಂಡು, ಆಯಾ ಗ್ರಹತಾರೆಗಳ ಕಾಂತಿಯನ್ನು ಆಧುನಿಕ ಅಳತೆಯಿಂದ ತಿದ್ದಿ, ರೇಖಾಚಿತ್ರವನ್ನು ಬರೆದು, ಅದು ಒಂದನೆಯ ಮಾದರಿಯ ಮಹಾನವ್ಯವೆಂದು ತೀರ್ಮಾನಿಸಿದನು. ಆ ಸ್ಫೋಟದಿಂದ ಅಂದು ಬೇರೆ ದಿಕ್ಕಿಗೆ ಹೊರಟು, ತಾರೆಗಳ ನಡುವಣ ಧೂಳಿಗೆ ತಾಗಿ ಹಿಂದಿರುಗಿ, ನಾಲ್ಕು ಶತಮಾನಗಳಷ್ಟು ತಡವಾಗಿ ನಮ್ಮನ್ನು ಸೇರಿದ ಬೆಳಕಿನ ರೋಹಿತವನ್ನು 2008ರಲ್ಲಿ ಸುಬಾರು ದೂರದರ್ಶಕವು ಹಿಡಿದಾಗ ಬಾಡೆಯ ತೀರ್ಪೇ ನಿಂತಿತು. ಕಾಂತಿ ಹೀಗೆ ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಇಳಿಯುವುದೇಕೆಂಬುದೂ ಈಗ ಗೂಢವಲ್ಲ. ಸ್ಫೋಟದಲ್ಲಿ ಹುಟ್ಟಿದ ವಿಕಿರಣಶೀಲ ನಿಕ್ಕಲ್ ಆರು ದಿನಗಳ ಅರ್ಧಾಯುವಿನಿಂದ ಕೋಬಾಲ್ಟಾಗಿ, ಆ ಕೋಬಾಲ್ಟು 77 ದಿನಗಳ ಅರ್ಧಾಯುವಿನಿಂದ ಕಬ್ಬಿಣವಾಗಿ ಮಾರ್ಪಡುತ್ತ ಬೂದಿಯೊಳಗಣ ಕೆಂಡದಂತೆ ಸಿಡಿದ ದ್ರವ್ಯವನ್ನು ಕಾಯಿಸುತ್ತಿರುತ್ತದೆ.

ಕಣ್ಣಂದಾಜಿಗೆ ಗಣಿತದ ಕಟ್ಟು ದೊರೆತುದು 1856ರಲ್ಲಿ. ಐದು ವರ್ಗಗಳ ಅಂತರವೆಂದರೆ ನೂರ್ಮಡಿ ಕಾಂತಿಯ ಅಂತರವೆಂದು ಆಗ ಸೂತ್ರೀಕರಿಸಿದ ನಾರ್ಮನ್ ಪಾಗ್ಸನ್ 1861ರಲ್ಲಿ ಮದರಾಸಿನ ವೇಧಶಾಲೆಗೆ ಬಂದನು. ಅಲ್ಲಿ ಅವನ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರಿಯವರು 1867ರಲ್ಲಿ ದಕ್ಷಿಣಾಕಾಶದ ಜಾಲ ಪುಂಜದಲ್ಲಿ ಕಾಂತಿ ಬದಲಿಸುವ ತಾರೆಯೊಂದನ್ನು ಕಂಡುಹಿಡಿದರು. ಆ ವೇಧಶಾಲೆಯ ಪರಂಪರೆಯೇ ಕೊಡೈಕನಾಲಿನ ಮಾರ್ಗವಾಗಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಬಂದು ಸೇರಿದೆಯೆಂಬುದನ್ನು ನಮ್ಮವರು ಅಷ್ಟಾಗಿ ನೆನೆಯುವುದಿಲ್ಲ.

ಕ್ಷ-ಕಿರಣಗಳನ್ನು ವಾಯುಮಂಡಲವು ನೆಲದವರೆಗೆ ಬಿಡದುದರಿಂದ ಆ ಶಾಖೆ ರಾಕೆಟ್ಟಿನ ಕಾಲದವರೆಗೆ ಕಾಯಬೇಕಾಯಿತು. 1962ರ ಜೂನಿನಲ್ಲಿ ರಿಕಾರ್ಡೊ ಜಕೋನಿಯ ತಂಡವು ಚಂದ್ರನ ಕ್ಷ-ಕಿರಣಗಳನ್ನು ಅರಸಿ ಹಾರಿಸಿದ ರಾಕೆಟ್ಟಿಗೆ ವೃಶ್ಚಿಕದ ದಿಕ್ಕಿನಿಂದ ಅನಿರೀಕ್ಷಿತವಾದ ಪ್ರಖರ ಆಕರವೊಂದು ಸಿಕ್ಕಿತು. ಕೆಲವೇ ನಿಮಿಷಗಳ ಆ ನೋಟದಿಂದ ಏರಿಳಿತವನ್ನು ಅರಿಯುವ ಬಗೆಯೆಂತು? 1970ರ ಡಿಸೆಂಬರ್ 12ರಂದು ಕೀನ್ಯದ ಕಡಲಲ್ಲಿದ್ದ ವೇದಿಕೆಯಿಂದ ಮೇಲೇರಿದ ಉಹುರು ಉಪಗ್ರಹವು ಆಕಾಶವನ್ನು ಬಿಡುವಿಲ್ಲದೆ ಅವಲೋಕಿಸತೊಡಗಿದ ಮೇಲೆಯೇ, ಕಿನ್ನರ ಪುಂಜದ ಆಕರವೊಂದು 4.8 ಸೆಕೆಂಡುಗಳಿಗೊಮ್ಮೆ ಮಿಡಿಯುವುದೂ, ಸುಮಾರು 2.1 ದಿನಗಳಿಗೊಮ್ಮೆ ಸಂಗಾತಿ ತಾರೆಯ ಮರೆಗೆ ಸರಿಯುವುದೂ ತಿಳಿದು, ಜೋಡಿತಾರೆಯ ದ್ರವ್ಯವನ್ನು ಸೆಳೆಯುವ ನ್ಯೂಟ್ರಾನ್ ನಕ್ಷತ್ರದ ಚಿತ್ರ ಮೂಡಿತು. ಪೀಣ್ಯದಲ್ಲಿ ನಿರ್ಮಿತವಾದ ಆರ್ಯಭಟವೂ 1975ರ ಏಪ್ರಿಲಿನಲ್ಲಿ ಕ್ಷ-ಕಿರಣದ ಉಪಕರಣವನ್ನು ಹೊತ್ತೇ ಏರಿತಾದರೂ ವಿದ್ಯುತ್ತಿನ ದೋಷದಿಂದ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತುಹೋದುವು. ಬೆಳಕನ್ನೂ ಕ್ಷ-ಕಿರಣವನ್ನೂ ಏಕಕಾಲದಲ್ಲಿ ಅಳೆಯಬಲ್ಲ ಆಸ್ಟ್ರೋಸ್ಯಾಟ್ ಕಕ್ಷೆಗೆ ಸೇರಿದುದು 2015ರ ಸೆಪ್ಟೆಂಬರ್ 28ರಂದು.

ಆರ್ಯಭಟ ಹಾರಿದ ವರ್ಷವೇ, ಆಗಸ್ಟ್ 3ರಂದು, ಬ್ರಿಟನ್ನಿನ ಏರಿಯಲ್-5 ಉಪಗ್ರಹವು ಏಕಶೃಂಗಿ ಪುಂಜದಲ್ಲಿ ಹೊಸ ಕ್ಷ-ಕಿರಣ ಆಕರವೊಂದನ್ನು ಕಂಡಿತು. ದಿನಗಳು ಕಳೆದಂತೆ ಅದು ವೃಶ್ಚಿಕದ ಆಕರವನ್ನೂ ಮೀರಿ ಬೆಳಗಿತು. ಆ ಜಾಗದಲ್ಲಿ ಹಿಂದೆ ಏನಿದ್ದಿತೆಂದು ಹಾರ್ವರ್ಡಿನ ಹಳೆಯ ಗಾಜಿನ ಛಾಯಾಫಲಕಗಳನ್ನು ತೆಗೆದು ನೋಡಿದರೆ, ಅದೇ ತಾರೆ 1917ರಲ್ಲಿಯೂ ಭುಗಿಲೆದ್ದಿದ್ದುದು ಅಲ್ಲಿ ಅಚ್ಚೊತ್ತಿತ್ತು. ಕ್ಷ-ಕಿರಣ ನಕ್ಷತ್ರವೆಂಬ ಮಾತೇ ಹುಟ್ಟಿರದ ದಿನಗಳಲ್ಲಿ, ಯಾವ ಪ್ರಯೋಜನಕ್ಕೆಂದು ಅರಿಯದೆಯೇ, ಯಾರೋ ಆ ಫಲಕವನ್ನು ತೆಗೆದು, ದಿನಾಂಕ ಬರೆದು, ಕಪಾಟಿನಲ್ಲಿಟ್ಟಿದ್ದರು. ಆ ತಾರೆಯ ಒಡನಾಡಿಯ ದ್ರವ್ಯರಾಶಿ ಸೂರ್ಯನ ಮೂರು ಪಾಲಿಗೂ ಹೆಚ್ಚೆಂದು 1986ರಲ್ಲಿ ಗೊತ್ತಾಗಿ ಅದು ಕೃಷ್ಣವಿವರವೆಂದು ಗಣ್ಯವಾಯಿತು. 1917ಕ್ಕೂ 1975ಕ್ಕೂ ನಡುವಣ ಅಂತರ 58 ವರ್ಷ. 1975ರ ತರುವಾಯ ಆ ತಾರೆ ಮತ್ತೆ ಭುಗಿಲೆದ್ದಿಲ್ಲ.