ನಸುಕಿನಲ್ಲಿ ಸೋಲುವ ಕಾಲು: ಕೊಯಮತ್ತೂರು–ತಿರುಪ್ಪೂರು ಸೀಮೆಯಲ್ಲಿ ಥೈರಾಯ್ಡ್ ಸಂಬಂಧಿ ಸ್ನಾಯು ನಿಶ್ಶಕ್ತಿ

ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ, ಪಲ್ಲಡಂ–ಸೋಮನೂರುಗಳ ವಿದ್ಯುತ್ ಮಗ್ಗಗಳಲ್ಲಿ ಹೊತ್ತು ಮೀರಿದ ದುಡಿಮೆ ಮಾಮೂಲು. ದುಡಿದು ಬಂದು, ತಡರಾತ್ರಿ ಹೊಟ್ಟೆ ತುಂಬ ಪರೋಟಾ ತಿಂದು ಮಲಗಿದ ಯುವಕ ನಸುಕಿನಲ್ಲಿ ಏಳಲಾರದೆ ಹೋದರೆ ಮನೆಯವರಿಗೆ ಮೊದಲು ಹೊಳೆಯುವುದು ಲಕ್ವ. ಆದರೆ ದಣಿವಿನ ಮೇಲಿನ ವಿಶ್ರಾಂತಿ, ಪಿಷ್ಟ ತುಂಬಿದ ಊಟ, ಇರುಳಿನ ಹೊತ್ತು ಈ ಮೂರೂ ಥೈರಾಯ್ಡ್ ಅತಿಸ್ರಾವದಿಂದ ಬರುವ ಆವರ್ತಕ ನಿಶ್ಶಕ್ತಿಯನ್ನು ಕೆರಳಿಸುವಂಥವು.

ಥೈರಾಯ್ಡ್ ರೋಗ ಹೆಂಗಸರಲ್ಲೇ ಹೆಚ್ಚು. ಈ ತೊಡಕು ಮಾತ್ರ ಬಹುಪಾಲು 20ರಿಂದ 40ರ ಗಂಡಸರದು. ಜಪಾನ್, ಹಾಂಗ್‌ಕಾಂಗ್‌ಗಳ ಹಳೆಯ ಅಧ್ಯಯನಗಳಲ್ಲಿ ಥೈರಾಯ್ಡ್ ಅತಿಸ್ರಾವವಿದ್ದವರ ಪೈಕಿ ಸುಮಾರು ಶೇ. 2ರಷ್ಟು ಮಂದಿಗೆ ಇದು ಕಂಡಿತ್ತು. ಕೆಲವರಲ್ಲಿ ಸ್ನಾಯುಕೋಶದ ಪೊಟ್ಯಾಸಿಯಂ ದ್ವಾರದ ಜೀನ್ ದೋಷವೂ ಸೇರಿದೆಯೆಂದು 2010ರಲ್ಲಿ ತಿಳಿಯಿತು. ಥೈರಾಯ್ಡ್ ಹಾರ್ಮೋನು, ಇನ್ಸುಲಿನ್, ಅಡ್ರಿನಲಿನ್ ಮೂರೂ ಕೋಶಪೊರೆಯ ಸೋಡಿಯಂ–ಪೊಟ್ಯಾಸಿಯಂ ಪಂಪನ್ನು ಜೋರಾಗಿ ಓಡಿಸುತ್ತವೆ. ರಕ್ತದ ಪೊಟ್ಯಾಸಿಯಂ ಸ್ನಾಯುವಿನೊಳಗೆ ನುಗ್ಗುತ್ತದೆ. ದೇಹದಿಂದ ಅದು ನಷ್ಟವಾಗಿರುವುದಿಲ್ಲ. ಚಿಕಿತ್ಸೆಯ ಸೂಕ್ಷ್ಮವೆಲ್ಲ ಇದರಲ್ಲಿದೆ.

ನೆಲದ ಮೇಲೆ ಮಲಗುವವರ ಈ ಸೀಮೆಯಲ್ಲಿ ನಸುಕಿನ ನಿಶ್ಶಕ್ತಿಯೆಂದರೆ ಕಟ್ಟುಹಾವಿನ ಕಡಿತವನ್ನೂ ನೆನೆಯಲೇಬೇಕು. ಅದರ ಗುರುತು ಎಷ್ಟೋ ಸಲ ಕಾಣುವುದೇ ಇಲ್ಲ. ವಿಷದಲ್ಲಿ ಸಾಮಾನ್ಯವಾಗಿ ಮೊದಲು ರೆಪ್ಪೆ ಜೋಲುತ್ತದೆ. ಥೈರಾಯ್ಡ್ ರೋಗಿಯ ಕಣ್ಣು ಚುರುಕಾಗಿದ್ದು, ತೊಡೆಯ ಬಲ ಉಡುಗಿರುತ್ತದೆ, ಸ್ಪರ್ಶಜ್ಞಾನ ಸರಿಯಿರುತ್ತದೆ. ಗಂಟಲು ಊದಿರಲೇಬೇಕೆಂದಿಲ್ಲ, ತೂಕ ಇಳಿದಿರಲೇಬೇಕೆಂದಿಲ್ಲ. ಮಲಗಿದಲ್ಲೇ ಇದ್ದರೂ ಓಡುತ್ತಿರುವ ನಾಡಿಯೇ ನನ್ನ ದೃಷ್ಟಿಯಲ್ಲಿ ಅತ್ಯುತ್ತಮ ಸುಳಿವು. ಥೈರಾಯ್ಡ್ ವರದಿ ತಡವಾಗಬಹುದು. ಇಸಿಜಿ ಮತ್ತು ಪೊಟ್ಯಾಸಿಯಂ ಪರೀಕ್ಷೆ ತಡವಾಗಬಾರದು.

ನಿಶ್ಶಕ್ತಿಯೆಂದೊಡನೆ ಗ್ಲೂಕೋಸ್ ಏರಿಸುವ ರೂಢಿ ಇಲ್ಲಿ ಅಪಾಯಕಾರಿ. ಗ್ಲೂಕೋಸ್ ಇನ್ಸುಲಿನ್ನನ್ನು ಕೆರಳಿಸಿ ಪೊಟ್ಯಾಸಿಯಂ ಅನ್ನು ಇನ್ನಷ್ಟು ಒಳಗೆಳೆಯುತ್ತದೆ. ಪೊಟ್ಯಾಸಿಯಂ ಕೊಡುವಾಗಲೂ ಕೈ ಬಿಗಿಯಿರಬೇಕು: ಹೃದಯದ ಲಯ ತೀರ ಕೆಟ್ಟಿರದಿದ್ದರೆ ಗಂಟೆಗೆ 10 ಮಿಲಿಈಕ್ವಿವಲೆಂಟ್ ಮೀರದಂತೆ, ಮಾನಿಟರ್ ನೋಡುತ್ತ. ಒಳಹೊಕ್ಕದ್ದು ತಾನಾಗಿ ಹೊರಬರತೊಡಗಿದಾಗ, ಕೊಟ್ಟದ್ದೂ ಸೇರಿ ಮಟ್ಟ ಮಿತಿಮೀರಿ ಹೃದಯಕ್ಕೇ ಕುತ್ತಾಗಬಹುದು. ಆಸ್ತಮಾ ಇಲ್ಲದವರಿಗೆ ಪ್ರೊಪ್ರನೊಲಾಲ್ ನೆರವಾಗುತ್ತದೆ. ವಂಶಪಾರಂಪರ್ಯ ನಿಶ್ಶಕ್ತಿಗೆ ಬಳಸುವ ಅಸೆಟಜೋಲಮೈಡ್ ಇಲ್ಲಿ ಬೇಡ.

ಸಾಮಾನ್ಯವಾಗಿ ಒಂದೆರಡು ದಿನದೊಳಗೆ ಕಾಲಿಗೆ ಬಲ ಬರುತ್ತದೆ, ರೋಗಿ ಕೆಲಸಕ್ಕೆ ಅವಸರಪಡುತ್ತಾನೆ. ದೂರದ ರಾಜ್ಯದಿಂದ ಬಂದ ಕಾರ್ಮಿಕನಾದರೆ ಮತ್ತೆ ತಪಾಸಣೆಗೆ ಸಿಗುವುದೇ ಕಷ್ಟ. ಆದ್ದರಿಂದ ಬಿಡುಗಡೆ ಚೀಟಿಯಲ್ಲಿ ‘ಪೊಟ್ಯಾಸಿಯಂ ಕೊರತೆ’ ಎಂದಷ್ಟೇ ಬರೆದರೆ ಸಾಲದು. ಥೈರಾಯ್ಡ್ ಹತೋಟಿಗೆ ಬರುವವರೆಗೂ ಈ ನಿಶ್ಶಕ್ತಿ ಮರುಕಳಿಸಬಲ್ಲದು. ಹಾರ್ಮೋನು ಸಹಜ ಮಟ್ಟಕ್ಕಿಳಿದ ಮೇಲೆ ನಿಲ್ಲುತ್ತದೆ.