ಬೀದರ್ ಸೀಮೆ: ಹಳೆಯ ಕಟ್ಟುಪಾಡು, ಹೊಸ ವಿಚಾರಗಳ ತಿಕ್ಕಾಟ (1900–1948)

ಬೀದರ್, ಭಾಲ್ಕಿ ಮತ್ತು ಔರಾದ್ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಜಾತಿ, ಧರ್ಮ, ಭಾಷೆಗಳ ಹಳೆಯ ಏರ್ಪಾಡನ್ನು ಇಲ್ಲಿನವರೇ ಪ್ರಶ್ನಿಸತೊಡಗಿದರು. ಹೊಸತು ಒಂದು ಕಡೆ, ಹಳತು ಇನ್ನೊಂದು ಕಡೆ ಎಂದು ಗೆರೆ ಎಳೆಯಲು ಈ ಸೀಮೆಯಲ್ಲಿ ಆಗುವುದಿಲ್ಲ. ಸುಧಾರಣೆಯ ಅತಿ ದೊಡ್ಡ ಕೆಲಸ ನಡೆದದ್ದು ಒಂದು ಮಠದೊಳಗೆ.

ಮನೆಯಲ್ಲಿ ಕನ್ನಡ ಇಲ್ಲವೇ ಮರಾಠಿ, ಕಚೇರಿಯಲ್ಲಿ ಉರ್ದು. ಊರಿನ ವ್ಯವಹಾರವೆಲ್ಲ ಪಾಟೀಲ, ಪಟವಾರಿ, ಜಾಗೀರದಾರರ ಹಿಡಿತದಲ್ಲಿತ್ತು. ಅಕ್ಷರ ಬಲ್ಲವರು ತೀರ ಕಡಿಮೆ. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಇಂಗ್ಲಿಷ್ ಮಾಧ್ಯಮವನ್ನು ಬದಿಗಿಟ್ಟು ಉರ್ದುವಿನಲ್ಲಿ ವಿಜ್ಞಾನ, ಕಾನೂನು ಕಲಿಸಿತು. ಇಡೀ ಭಾರತಕ್ಕೆ ಅದು ಧೈರ್ಯದ ಪ್ರಯೋಗ. ಆದರೆ ಭಾಲ್ಕಿಯ ರೈತನ ಮಗನಿಗೆ ಉರ್ದುವೂ ಇಂಗ್ಲಿಷಿನಷ್ಟೇ ದೂರದ ಭಾಷೆಯಾಗಿತ್ತು.

ಡಾ. ಚನ್ನಬಸವ ಪಟ್ಟದ್ದೇವರು ಈ ಇತಿಹಾಸದ ಕೇಂದ್ರ ವ್ಯಕ್ತಿ. 1890ರಲ್ಲಿ ಕಮಲನಗರದಲ್ಲಿ ಹುಟ್ಟಿದರು. ಆ ಊರು ಬಹುಕಾಲ ಔರಾದ್ ತಾಲೂಕಿನಲ್ಲಿತ್ತು. ಭಾಲ್ಕಿ ಹಿರೇಮಠದ ಅಧಿಪತಿಗಳಾದ ಮೇಲೆ ಅವರು ಕನ್ನಡ ಶಾಲೆ ನಡೆಸಲು ಮುಂದಾದರು. ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ: ಈ ಭಾಗದ ಜನ ಇಂದಿಗೂ ಅವರನ್ನು ನೆನೆಯುವುದು ಹೀಗೆಯೇ. ಹಳ್ಳಿಹಳ್ಳಿ ತಿರುಗಿ ದವಸ ಕೂಡಿಸಿ, ಬಡ ಮಕ್ಕಳಿಗೆ ಪ್ರಸಾದನಿಲಯ ನಡೆಸಿದರು. ದಲಿತ ಮಕ್ಕಳನ್ನೂ ಜೊತೆಗೆ ಸೇರಿಸಿಕೊಂಡರು. ಭಾಷೆಯ ವಿಷಯದಲ್ಲಿ ಎದುರಿಗಿದ್ದದ್ದು ಸರ್ಕಾರ. ಎಲ್ಲ ಜಾತಿಯವರೂ ಒಟ್ಟಿಗೆ ಕುಳಿತು ಉಣ್ಣುವ ಸಹಪಂಕ್ತಿಯ ವಿಷಯದಲ್ಲಿ ಸ್ವಂತ ಭಕ್ತರನ್ನೇ ಒಲಿಸಬೇಕಿತ್ತು. ಎರಡನೆಯದೇ ಹೆಚ್ಚು ಕಷ್ಟದ್ದು. ಸರ್ಕಾರದ ಕಣ್ಣು ತಪ್ಪಿಸಬಹುದು, ಕಾಣಿಕೆ ತರುವ ಭಕ್ತರ ಕಣ್ಣು ತಪ್ಪಿಸಲಾಗದು. ಅವರಿಗೆ ಆಧಾರವಾದದ್ದು ಪರದೇಶದ ವಿಚಾರವಲ್ಲ, ಹನ್ನೆರಡನೆಯ ಶತಮಾನದ ಶರಣರ ಮಾತು. ಆ ಶರಣರ ವಚನಗಳನ್ನು ಸಂಗ್ರಹಿಸಿದ ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಪ್ರಕಟಿಸಿದ್ದರು. ಬಸವಣ್ಣನ ಕಲ್ಯಾಣವಂತೂ ಇದೇ ಜಿಲ್ಲೆಯದು. ಮುಂದೆ ಅಲ್ಲಿ ಅನುಭವ ಮಂಟಪ ಕಟ್ಟಿಸಿದವರೂ ಪಟ್ಟದ್ದೇವರೇ.

ಸುಧಾರಣೆಯ ಇನ್ನೊಂದು ದಾರಿ ಆರ್ಯಸಮಾಜದ್ದು. ಭಾಯಿ ಬನ್ಸಿಲಾಲ್, ಭಾಯಿ ಶ್ಯಾಮಲಾಲ್ ಸೋದರರು ಆಗ ಬೀದರ್ ಜಿಲ್ಲೆಗೇ ಸೇರಿದ್ದ ಉದಗೀರ್‌ನಿಂದ ಅದನ್ನು ಬೆಳೆಸಿದರು. ಜಾತಿಭೇದವಿಲ್ಲದ ಹವನ, ಅಸ್ಪೃಶ್ಯತೆಯ ವಿರೋಧ, ಹೆಣ್ಣುಮಕ್ಕಳ ಓದು ಸನಾತನಿಗಳಿಗೆ ಹಿಡಿಸಲಿಲ್ಲ. ಮತಾಂತರಗೊಂಡವರನ್ನು ಹಿಂದೂ ಧರ್ಮಕ್ಕೆ ಮರಳಿಸುವ ಶುದ್ಧಿ ಚಳವಳಿ ಮತ್ತು ಮೆರವಣಿಗೆಗಳು ಹಿಂದೂ-ಮುಸ್ಲಿಂ ಸಂಬಂಧವನ್ನು ಕೆಡಿಸಿದವು. ಸುಧಾರಣೆಯ ಮಾತು ಮತೀಯ ಪೈಪೋಟಿಯೊಳಗೆ ಬೆರೆತದ್ದು ಈ ಸೀಮೆಗಾದ ದೊಡ್ಡ ನಷ್ಟ. 1938ರಲ್ಲಿ ಶ್ಯಾಮಲಾಲ್ ಬೀದರ್ ಜೈಲಿನಲ್ಲಿ ತೀರಿಕೊಂಡರು. ಧಾರ್ಮಿಕ ಆಚರಣೆಗೆ ಸರ್ಕಾರದ ಪರವಾನಗಿ ಬೇಕೆಂಬ ಕಟ್ಟಳೆಯ ವಿರುದ್ಧ ಸತ್ಯಾಗ್ರಹ ನಡೆದು, 1939ರಲ್ಲಿ ನಿಂತಿತು.

ಇದೇ ಕಾಲದಲ್ಲಿ ವಿಕಾರಾಬಾದಿನಿಂದ ಬೀದರ್, ಭಾಲ್ಕಿ, ಕಮಲನಗರಗಳ ಮೂಲಕ ಪರಳಿಯ ಕಡೆಗೆ ಹಾಕಿದ ರೈಲುಮಾರ್ಗ ಈ ಊರುಗಳನ್ನು ಹೊರಜಗತ್ತಿಗೆ ಹತ್ತಿರ ಮಾಡಿತು.

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ನಂತರ, 1949ರಲ್ಲಿ, ಜಾಗೀರುಗಳು ರದ್ದಾದವು. 1956ರಲ್ಲಿ ಜಿಲ್ಲೆ ಒಡೆದು ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯ ಸೇರಿದವು; ಉದಗೀರ್ ಮುಂಬೈ ರಾಜ್ಯಕ್ಕೆ ಹೋಯಿತು. ಗಡಿಗೆ ಅಂಟಿಕೊಂಡ ಔರಾದ್, ಕಮಲನಗರದ ಮನೆಗಳಲ್ಲಿ ಮಗುವನ್ನು ಕನ್ನಡ ಶಾಲೆಗೆ ಹಾಕಬೇಕೇ, ಮರಾಠಿ ಶಾಲೆಗೆ ಹಾಕಬೇಕೇ ಎಂಬ ಪ್ರಶ್ನೆ ಆಮೇಲೂ ಉಳಿಯಿತು.